ಹಿಂಬದಿ, ಎಡಗಡೆ

ಕೊಕ್ಕೊಲಾದ ಬಂದರು ರಸ್ತೆಯಲ್ಲಿ ನಮ್ಮ ತಪಾಸಣೆ ಶೆಡ್ಡು.
ಫೆಬ್ರವರಿ, ಬೆಳಿಗ್ಗೆ ಎಂಟು, ಹೊರಗಿನ್ನೂ ಮಬ್ಬುಗತ್ತಲೆ.
ಹಿಲ್ಯಾಳ ಕಾರು ಬಂದದ್ದು ನನಗೆ ತಿಳಿದದ್ದು
ಎಂಜಿನ್ನಿನಿಂದಲ್ಲ,
ಹಿಮದ ಮೇಲೆ ಟೈರು ಹಪ್ಪಳ ಮುರಿದ ಸದ್ದಿನಿಂದ.

ಹನ್ನೊಂದು ವರ್ಷದ ಗಾಡಿ. ಹೊಟ್ಟೆಯಲ್ಲಿ ಎರಡು ಜೀವ:
ಒಂದು ಪೆಟ್ರೋಲು ಕುಡಿಯುತ್ತದೆ,
ಇನ್ನೊಂದು ರಾತ್ರಿಯಿಡೀ ಗೋಡೆಗೆ ಬಾಯಿ ಹಚ್ಚಿ ಹೀರುತ್ತದೆ.
ಎರಡು ದೋಣಿಗೆ ಕಾಲಿಟ್ಟವರು ಮುಳುಗುತ್ತಾರಂತೆ.
ಇದು ಮುಳುಗಲಿಲ್ಲ;
ಆದರೆ ಕಾಲು ನೋಯದೆ ಇದ್ದೀತೆ?

ನಾಲ್ಕನೇ ವರ್ಷ ಕಾಫಿ ಆರುವುದರೊಳಗೆ ಪಾಸು ಮಾಡಿ ಕಳಿಸಿದ್ದೆ.
ಆರರಲ್ಲಿ ಒಂದು ಬಲ್ಬು.
ಎಂಟರಲ್ಲಿ ಮುಂದಿನ ತೋಳಿನ ಬುಷ್ಷು,
ಬ್ಯಾಟರಿಯ ಭಾರ ಹೊತ್ತು ಹೊತ್ತು ಸೀಳಿದ ರಬ್ಬರು.
ಹತ್ತಾದ ಮೇಲೆ ವರ್ಷವರ್ಷವೂ ಬರಬೇಕು,
ಸಕ್ಕರೆ ಕಾಯಿಲೆಯವರು ರಕ್ತ ಕೊಡಲು ಹೋದ ಹಾಗೆ.

ಹೊಗೆ ಅಳೆಯೋಣವೆಂದರೆ ಎಂಜಿನ್ನು ಏಳಲೊಲ್ಲದು.
ಬ್ಯಾಟರಿ ತುಂಬಿದೆ, ನನ್ನನ್ನೇಕೆ ಕರೆಯುತ್ತೀರಿ ಎಂಬ ಭಾವ.
ಗುಂಡಿ ಒತ್ತಿ, ಕಾದು, ಮತ್ತೆ ಒತ್ತಿ, ಓಲೈಸಿ ಎಬ್ಬಿಸಿದೆ.
ಎದ್ದಿತು, ಕೆಮ್ಮಿತು,
ಕಳೆದ ಜೂನಿನ ಹಬ್ಬಕ್ಕೆ ತುಂಬಿಸಿದ ಪೆಟ್ರೋಲಿನ ವಾಸನೆ.
ಅಂಕಿ ಸರಿಯಿತ್ತು.

ಆಮೇಲೆ ಉರುಳೆಗಳ ಮೇಲೆ ನಿಲ್ಲಿಸಿ ಬ್ರೇಕು ತುಳಿದೆ.
ಮುಂದೆ ಎರಡೂ ಸಮ.
ಹಿಂದೆ, ಬಲಗಡೆಯ ಮುಳ್ಳು ಏರಿತು;
ಎಡಗಡೆಯದು ಅರ್ಧಕ್ಕೇ ನಿಂತು
ನಡುಗಿತು.

ಎತ್ತಿ, ಟಾರ್ಚು ಹಾಕಿ ನೋಡಿದರೆ
ಕನ್ನಡಿಯಾಗಿರಬೇಕಾದ ಡಿಸ್ಕಿನ ಮೇಲೆ
ಸೀದ ರೊಟ್ಟಿಯಂಚಿನ ಕಂದು ಹುರುಪೆ.
ಪ್ಯಾಡು ಮಾತ್ರ ಹೊಸದರಷ್ಟೇ ದಪ್ಪ.
"ಸವೆದೇ ಇಲ್ಲವಲ್ಲ!" ಅಂದಳು ಹಿಲ್ಯಾ, ಹೆಮ್ಮೆಯಿಂದ.
ಅದೇ ರೋಗ ಕಣಮ್ಮಾ, ಅಂದೆ.
ವೇಗವನ್ನು ಮೋಟಾರೇ ಹಿಡಿದು ಬ್ಯಾಟರಿಗೆ ಉಣಿಸುತ್ತದೆ.
ಬ್ರೇಕಿಗೆ ಕೆಲಸವಿಲ್ಲ. ಕೆಲಸವಿಲ್ಲದ್ದಕ್ಕೆ
ರಸ್ತೆಯ ಉಪ್ಪೇ ಊಟ.
ನೀನು ಜೋರಾಗಿ ತುಳಿಯುವುದೇ ಇಲ್ಲವೆ?

"ಸೂಪು ಇರುತ್ತದಲ್ಲ," ಅಂದಳು.

ಹನ್ನೆರಡು ಮನೆ, ಹನ್ನೆರಡು ಮುಚ್ಚಿದ ಪಾತ್ರೆ,
ಗುರುವಾರ ಬಟಾಣಿ ಸೂಪು.
ಅಡುಗೆ ಮಾಡಲಾಗದವರು ಕಿಟಕಿಯಲ್ಲಿ ಕಾಯುತ್ತಾರೆ.
ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು
ಹಿಂದಿನ ಸೀಟಿನ ಸೂಪು ಕೇಳಿಸಿಕೊಂಡಿಲ್ಲ.
ಅದಕ್ಕೇ ಹನ್ನೊಂದು ವರ್ಷ
ಪ್ರತಿ ಸಿಗ್ನಲ್ಲನ್ನೂ ದೂರದಿಂದಲೇ ಕಂಡು
ಕಾಲೆತ್ತಿ, ತೇಲಿಸಿ, ತೇಲಿಸಿ ನಿಲ್ಲಿಸಿದವಳು.
ನನ್ನ ಸರ್ವೀಸಿನಲ್ಲಿ ಇಷ್ಟು ಹಗುರ ಕಾಲು ಕಂಡಿಲ್ಲ.
ನಾನು ಬರೆದೆ: ಹಿಂಬದಿ, ಎಡಗಡೆ, ಫೇಲು.

ಹೊರಡುವಾಗ ಮೆಲ್ಲಗೆ ಕೇಳಿದಳು,
"ಮೊದಲು ನಲವತ್ತು ಕಿಲೋಮೀಟರು ಓಡುತ್ತಿತ್ತು,
ಈ ಚಳಿಗೆ ಹದಿನೇಳು. ಅದನ್ನೂ ಬರೆದೆಯಾ?"
ಇಲ್ಲ. ನಮ್ಮ ಹಾಳೆ ಅದನ್ನು ಕೇಳುವುದಿಲ್ಲ.
ನಿಲ್ಲಬಲ್ಲದೇ, ತಿರುಗಬಲ್ಲದೇ, ಬೆಳಕಿದೆಯೇ, ಇಷ್ಟೇ.
ದಣಿವಿಗೆ ಕಾಲಮ್ಮಿಲ್ಲ.
(ಮೊಣಕಾಲು ಹಿಡಿದುಕೊಂಡು ಗುಂಡಿಯಿಂದ ಮೇಲೆ ಬಂದೆ.
ನನಗೆ ಐವತ್ತೊಂಬತ್ತು.)

ಹೊಸ ಡಿಸ್ಕು ಹಾಕಿಸು. ವಾರಕ್ಕೊಮ್ಮೆ, ಪಾತ್ರೆ ಖಾಲಿಯಾದ ಮೇಲೆ,
ಬಂದರಿನ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲವೆಂದು ನೋಡಿ,
ತುಳಿ. ಕೋಪ ಬಂದವಳ ಹಾಗೆ ತುಳಿ.
"ಯಾರ ಮೇಲೆ?" ಅಂದಳು.
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮೂರನೇ ವಾರ ಮತ್ತೆ ಬಂದಳು, ಗುರುವಾರ, ಮಧ್ಯಾಹ್ನ.
ಡಿಸ್ಕುಗಳಲ್ಲಿ ನನ್ನ ಮುಖ ಕಂಡಿತು.
ಉರುಳೆಗಳು ತಿರುಗಿದವು,
ಎರಡು ಮುಳ್ಳೂ ಜೊತೆಜೊತೆಗೆ ಏರಿದವು,
ಒಂದು ಕೂದಲೆಳೆ ಹಿಂದೆ ಮುಂದೆ.

ಸೀಟು ಬೆಲ್ಟು ಎಳೆದು ನೋಡಲು ಹಿಂದೆ ಬಗ್ಗಿದೆ.
ಚಾಪೆಯ ಮೇಲೆ ಅಗಲವಾದ ಹಸಿರು ಕಲೆ,
ಇನ್ನೂ ಒದ್ದೆ. ಬೆಲ್ಟಿನ ಕೊಕ್ಕೆಯಲ್ಲಿ
ಸಿಕ್ಕಿಕೊಂಡ ಒಂದು ಬಟಾಣಿ ಕಾಳು.

ಅವಳತ್ತ ನೋಡಿದೆ.
ಅವಳು ಕಿಟಕಿಯಾಚೆ ಹಿಮ ನೋಡುತ್ತಿದ್ದಳು.
ಕಾಳು ಬಿಡಿಸಿ ಜೇಬಿಗೆ ಹಾಕಿಕೊಂಡು
ಪಾಸು ಎಂದು ಬರೆದೆ.