ಕೆಳರೆಪ್ಪೆ

ಸಾಂತೋಸಿನ ದೋಣಿಕಟ್ಟೆಯಲ್ಲಿ ಇಪ್ಪತ್ತಾರು ವರ್ಷ
ರಾತ್ರಿಪಾಳಿಯ ಟಿಕೇಟು ಹರಿದವಳು ನಾನು, ದಾಲ್ವಿನಾ.
ಗಾಜಿನಾಚೆ ಕೈಗಳು, ಚಿಲ್ಲರೆ, ಸೈಕಲ್ಲಿನ ಚಕ್ರ.
ಈಚೆ, ನೆತ್ತಿಯ ಮೇಲೊಂದು ಟ್ಯೂಬ್‌ಲೈಟು,
ಅದರ ಕೆಳಗೆ ನನ್ನ ಮುಖ,
ಕಣ್ಣಿನ ಕೆಳಗೆ
ಎರಡು ಚೀಲ.

ಬಂದವರೆಲ್ಲ ಕೇಳುತ್ತಿದ್ದರು,
ನಿದ್ದೆಯಿಲ್ಲವೇನಮ್ಮ? ಯಾರು ಅಳಿಸಿದರು?
ಒಬ್ಬ ಕುಡುಕನಂತೂ ಕಿಂಡಿಯಲ್ಲಿ ಮೂತಿಯಿಟ್ಟು
ಅದರಲ್ಲೇನು ತುಂಬಿಟ್ಟಿದ್ದೀಯ ಅಂದ.
ಸಂಬಳ, ಅಂದೆ.

ಸರಕಾರಿ ಆಸ್ಪತ್ರೆಯಲ್ಲಿ ಹದಿನಾಲ್ಕು ತಿಂಗಳ ಸರದಿ.
ಕಲಿಯುತ್ತಿರುವವರು ಕೊಯ್ಯುತ್ತಾರೆ, ಹಾಗಾಗಿ ಅಗ್ಗ.
ತಂಗಿ ನೆವ್ಜಾ ಬೇಡವೆಂದಳು:
ಅಮ್ಮನಿಗೂ ಇತ್ತಲ್ಲ,
ಅಮ್ಮ ಅದನ್ನು ಹೊತ್ತೇ ಮಣ್ಣಾದಳಲ್ಲ.
ಅದಕ್ಕೇ, ಅಂದೆ.

ಡಾಕ್ಟರು ಸಿಬೆಲಿ, ನನಗೆ ಮಗಳಾಗುವ ವಯಸ್ಸು,
ಕೆಳರೆಪ್ಪೆಯನ್ನು ಎರಡು ಬೆರಳಲ್ಲಿ ಹಿಡಿದು
ಮೆಲ್ಲಗೆ ಎಳೆದು, ಬಿಟ್ಟು, ಎಣಿಸಿದಳು.
ಹರೆಯದ ರೆಪ್ಪೆ ಒಂದು ಅನ್ನುವ ಮೊದಲೇ ಮರಳುತ್ತದಂತೆ.
ನನ್ನದು ಮೂರಕ್ಕೆ ಬಂತು,
ಕಡೆಯ ದೋಣಿ ತಪ್ಪಿಸಿಕೊಂಡವನ ಹಾಗೆ
ಕಾಲೆಳೆಯುತ್ತ.

ಕೈಗನ್ನಡಿ ಕೊಟ್ಟು ಹೇಳತೊಡಗಿದಳು:
ಸೂಜಿಯಲ್ಲಿ ಜೆಲ್ ಇಳಿಸಿ ತಗ್ಗು ತುಂಬಬಹುದು,
ಆದರೆ ನಿಮ್ಮದು ತಗ್ಗಿನ ಕಷ್ಟ ಮಾತ್ರವಲ್ಲ.
ಲೇಸರಿನಿಂದ ತೊಗಲು ಬಿಗಿಯಬಹುದು,
ನಿಮ್ಮ ಬಣ್ಣಕ್ಕೆ ಕಲೆ ಉಳಿದೀತು.
ರೆಪ್ಪೆಯ ಒಳಮೈಯಿಂದ ಹೊಕ್ಕರೆ ಹೊರಗೆ ಗುರುತಿಲ್ಲ,
ಜೋತ ತೊಗಲು ಮಾತ್ರ ಜೋತೇ ಇರುತ್ತದೆ.
ಕೂದಲ ಬುಡದಲ್ಲಿ ಕೊಯ್ದರೆ ಎರಡೂ ಆಗುತ್ತದೆ,
ಹೆಚ್ಚು ತೆಗೆದರೋ, ರೆಪ್ಪೆ ಕೆಳಗೆ ಜಗ್ಗಿ
ಕಣ್ಣು ಪೂರಾ ಮುಚ್ಚದೆ ಉಳಿಯುವುದುಂಟು.
ಅದಕ್ಕೇ ಮೂಲೆಯಲ್ಲೊಂದು ಹೊಲಿಗೆ ಹಾಕಿ ಎಲುಬಿಗೆ ಬಿಗಿಯುತ್ತೇವೆ,
ದೋಣಿಗೆ ಹಗ್ಗ ಕಟ್ಟಿದ ಹಾಗೆ.
(ಚೀಟಿಯಲ್ಲಿ ನನ್ನ ಕೆಲಸ ಓದಿದ್ದಳು, ಜಾಣೆ.)

ಒಳಗೇನಿದೆ? ಕೇಳಿದೆ.
ಕೊಬ್ಬು.
ನೀರಲ್ಲವೆ?
ಅಲ್ಲ.
ಅಳುವುದಕ್ಕೂ ಇದಕ್ಕೂ?
ಸಂಬಂಧವೇ ಇಲ್ಲ. ಕಣ್ಣೀರಿನ ಗ್ರಂಥಿ ಮೇಲಿದೆ,
ಹುಬ್ಬಿನ ಕೆಳಗೆ, ಹೊರಮೂಲೆಯಲ್ಲಿ.

ಒಸ್ಮಾರ್ ಬಿಟ್ಟುಹೋದ ವರ್ಷ,
ಒಂಬತ್ತನೆಯ ದಿನಕ್ಕೆ ತಣ್ಣಗಾದ ಕೂಸು,
ಎಲ್ಲ ಇಲ್ಲೇ ಇಟ್ಟಿದ್ದೇನೆಂದು
ಕನ್ನಡಿ ಕಂಡಾಗಲೆಲ್ಲ ಲೆಕ್ಕ ಹಿಡಿದವಳು,
ಇಷ್ಟು ದಿನ ಕಾದದ್ದು ಬರೀ ಕೊಬ್ಬೇ?
ನಗು ಬಂತು.
ನಕ್ಕಾಗ ಎರಡೂ ಕುಣಿದವು ಕನ್ನಡಿಯಲ್ಲಿ,
ಹೌದೌದು ಎಂಬಂತೆ.

ನೇರಳೆ ಪೆನ್ನಿನಲ್ಲಿ ಗೆರೆ ಎಳೆದರು.
ಎಚ್ಚರವಿತ್ತು; ನೋವಿಲ್ಲ, ಎಳೆತ ಮಾತ್ರ,
ಮತ್ತೆ ಏನೋ ಸುಟ್ಟ ವಾಸನೆ.
ತೋರಿಸು ಅಂದೆ. ಬಟ್ಟೆಯ ಮೇಲೆ ಅವರೆಕಾಳಿನಷ್ಟು,
ತೊಗರಿಬೇಳೆಯ ಬಣ್ಣ.
ಉಳಿದದ್ದನ್ನು ಎಸೆದಿಲ್ಲ, ತಗ್ಗಿಗೆ ಸರಿಸಿದ್ದೇನೆ ಅಂದಳು ಸಿಬೆಲಿ,
ಕಂತೆ ಬಿಚ್ಚಿ ಹಾಸಿಗೆ ಮಾಡಿದವಳ ಧಾಟಿಯಲ್ಲಿ.

ಎರಡು ದಿಂಬು, ಮಂಜುಗಡ್ಡೆ, ಹನ್ನೊಂದು ದಿನ
ಬದನೆಕಾಯಿ ಮುಖ.
ಆಮೇಲೆ ಮತ್ತೆ ಗಾಜು, ಕೈಗಳು, ಚಿಲ್ಲರೆ.

ಯಾರೂ ಏನೂ ಕೇಳುವುದಿಲ್ಲ.

ಕಾಫಿಯ ಅನ್ಸೆಲ್ಮೊ
ನಸುಕು ನಾಲ್ಕಕ್ಕೆ ಕಿಂಡಿಯಲ್ಲಿ ಅರ್ಧ ಲೋಟ ತೂರಿಸಿ
ಪಾಪ, ಕುಡಿ, ಅನ್ನುತ್ತಿದ್ದವನು
ಮೊನ್ನೆ ಪೂರ್ತಿ ಲೋಟ ಕೊಟ್ಟ, ಕಾಸು ಕೇಳಿದ.
ರಜೆಗೆ ಹೋಗಿದ್ದೆಯಾ? ಹತ್ತು ವರ್ಷ ಕಮ್ಮಿ ಕಾಣ್ತೀ.

ನಿನ್ನೆ ಕೂಸಿನ ದಿನ.
ಎರಡು ದೋಣಿಗಳ ನಡುವೆ
ಕಿಂಡಿ ಮುಚ್ಚಿ ಅತ್ತೆ.
ಬೆಳಗಾಗುವುದರೊಳಗೆ ಒಣಗಿತು,
ಮುಖ ಯಾರಿಗೂ ಏನೂ ಹೇಳಲಿಲ್ಲ.

ಕಾಫಿ ಬಂದಾಗ ನಾನೇ ಬಗ್ಗಿದೆ,
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ಬಾಯಿಬಿಟ್ಟು ಹೇಳಿದೆ:
ರಾತ್ರಿಯೆಲ್ಲ ಅತ್ತಿದ್ದೇನೆ, ಅನ್ಸೆಲ್ಮೊ.

ಎಲ್ಲಿ? ಅಂದ,
ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹುಡುಕುತ್ತ.