ಅರವತ್ತೈದನೆಯ ಅಕ್ಷರ

ಟಾರ್ಟುವಿನಲ್ಲಿ ಮಧ್ಯಾಹ್ನ ಮೂರೂವರೆಗೇ ಕತ್ತಲು.
ಉರ್ವೆ ಕನ್ನಡಕ ಹಣೆಗೇರಿಸಿ
ಫೈರ್‌ವಾಲಿನ ನಾನೂರ ಹನ್ನೆರಡನೆಯ ಸಾಲಿನಲ್ಲಿ ನಿಂತಳು.

ಬಂದವರ ಹೆಸರಿಗೆ ಜಾಗ ಅರವತ್ತನಾಲ್ಕು ಅಕ್ಷರ.
ಅಷ್ಟರಲ್ಲಿ ಮುಗಿಸುತ್ತಾರೆಂದು ಯಾರೋ ನಂಬಿದ್ದರು,
ಅಳೆದಿರಲಿಲ್ಲ.

ಮೊನ್ನೆ ರಾತ್ರಿ ಬಂದವನೊಬ್ಬ
ಹೇಳುತ್ತಲೇ ಹೋದ ಹೆಸರನ್ನು, ಹೇಳುತ್ತಲೇ ಹೋದ.
ಅರವತ್ತೈದನೆಯದು ಪಕ್ಕದ ಖಾನೆಗೆ ಚೆಲ್ಲಿತು,
ಕೊನೆಯ ನಾಲ್ಕು ಹೋಗಿ ಕೂತವು
ವಾಪಸಿನ ವಿಳಾಸ ಬರೆದಿಟ್ಟ ಚೀಟಿಯ ಮೇಲೆ.
ಆಮೇಲೆ ಕಾವಲುಗಾರ ಅವನಂದ ಕಡೆಗೇ ನಡೆದ,
ಬೀಗದಕೈ ಗೊಂಚಲ ಸಮೇತ.

ಬೇಲಿ ಎದ್ದು ಹೊಲ ಮೇಯಲಿಲ್ಲ, ಪಾಪ,
ಬೇಲಿಗೇ ಯಾರೋ ಉಣಿಸಿದ್ದರು.

ಸಾಲಿನ ಪಕ್ಕ ಬರೆದವರ ಗುರುತು: ಉ. ಟಿ.
ಹತ್ತೊಂಬತ್ತು ವರ್ಷ. ಆ ವಾರ ಮಗಳಿಗೆ ಜ್ವರವಿತ್ತು,
ಅಥವಾ ಇರಲಿಲ್ಲ.

ರೈ ರೊಟ್ಟಿ ಮುರಿದು ಬಾಯಿಗಿಟ್ಟು
ಅಳತೆಯ ಒಂದು ಸಾಲು ಸೇರಿಸಿದಳು,
ಕೆಳಗೆ ಮತ್ತೆ ಅದೇ ಗುರುತು.