ಎಂಟು ಹಲ್ಲು

ಹಿಬಾರಾ ಊರಿನ ದಂತವೈದ್ಯರ ಪಕ್ಕದಲ್ಲಿ
ಹತ್ತೊಂಬತ್ತು ವರ್ಷ ದೀಪ ಹಿಡಿದು ನಿಂತವಳು ನಾನು.
ಈಗ ಅಲ್ಲಿ ಸಿಮೆಂಟಿಲ್ಲ, ಸೂಜಿಯಿಲ್ಲ, ವೈದ್ಯರೂ ಇಲ್ಲ.
ಹಲ್ಲಿದ್ದವರಿಗೆ ಕಡಲೆಯಿಲ್ಲ ಅನ್ನುತ್ತಾರಲ್ಲ,
ನಮ್ಮಲ್ಲಿ ಎರಡೂ ಇಲ್ಲ; ಇಕ್ಕಳ ಮಾತ್ರ ಉಳಿದಿದೆ.
ಅದನ್ನೇ ಚೀಲಕ್ಕೆ ಹಾಕಿಕೊಂಡು ಮಾಳಿಗೆ ಹತ್ತಿದೆ.

ನೆರೇಯ್ದಾಳ ಮನೆಗೋಡೆ ಹವಳಗಲ್ಲು, ಮೊಳ ದಪ್ಪ.
ನನ್ನ ಮುಂಗೋಣೆಯ ಡಬ್ಬಿಯಿಂದ ಹೊರಟ ವೈಫೈ
ಅಂಗಳ ದಾಟಿ, ಹಂದಿಗೂಡು ದಾಟಿ,
ಆ ಗೋಡೆಗೆ ಹಣೆ ಚಚ್ಚಿಕೊಂಡು
ಅಲ್ಲೇ ಕೂತುಬಿಡುತ್ತದೆ.
ಓಸ್ಮೆಲ್ ಟೊಮೇಟೊ ಡಬ್ಬ ಕತ್ತರಿಸಿ ಆಂಟೆನಾ ಮಾಡಿಕೊಟ್ಟ.
ಎರಡು ದಿನ ನಡೆಯಿತು.
ಮೂರನೆಯ ದಿನ ಪಾರಿವಾಳ ಅದರೊಳಗೆ ಸಂಸಾರ ಹೂಡಿತು.
ತಂತಿಯೇ ಗತಿ.

ತಂತಿ ಮುಚ್ಚಿದ ಸಕ್ಕರೆ ಕಾರ್ಖಾನೆಯದು.
ಹೇಗೆ ಬಂತೆಂದು ಕೇಳಬೇಡಿ.
ನಲವತ್ತೆರಡು ಮೀಟರು, ನಡುವೆ ಎರಡು ಗಂಟು.

ತುದಿ ಒತ್ತುವ ಯಂತ್ರ ಊರಿಗೇ ಇಲ್ಲ.
ಸಿಪ್ಪೆ ಸುಲಿದು ಎಳೆ ಬಿಡಿಸುತ್ತೇನೆ:
ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ,
ಬಿಳಿನೀಲಿ, ಹಸಿರು, ಬಿಳಿಕಂದು, ಕಂದು.
ಪುಟ್ಟ ಪಾರದರ್ಶಕ ಬಾಯೊಳಗೆ ಎಂಟು ಚಿನ್ನದ ಹಲ್ಲು.
ಒಂದೊಂದನ್ನೂ ಉಕ್ಕಿನ ಮೊನೆಯಲ್ಲಿ ಒತ್ತಿ
ತಾಮ್ರ ಕಚ್ಚಿಸಬೇಕು.
ನಾಲಿಗೆಯ ತುದಿಗೆ ಹಳೆಯ ಮಾತು ತಾನಾಗಿ ಬಂತು:
ನೋವಾದರೆ ಎಡಗೈ ಎತ್ತು.

ಆಚೆ ಮಾಳಿಗೆಯಲ್ಲಿ ಅವಳ ಮಗ ಯೂನಿಯೆಲ್,
ತೊಡೆಯ ಮೇಲೆ ಎರಡನೆಯ ಡಬ್ಬಿ.
ಹಸಿರು ದೀಪ ಬಂದರೆ ಕೈ ಎತ್ತೋ, ಅಂದಿದ್ದೆ.
ಎತ್ತಲಿಲ್ಲ.
ಬಿಚ್ಚಿ ನೋಡಿದರೆ ನೀಲಿಯ ಜಾಗದಲ್ಲಿ ಹಸಿರು ಕೂತಿದೆ.
ಕತ್ತರಿಸಿದೆ, ಮತ್ತೆ ಸುಲಿದೆ, ಮತ್ತೆ ಕಚ್ಚಿಸಿದೆ.
ಎತ್ತಲಿಲ್ಲ.
ಈ ಸಲ ಗಂಟು ಸಡಿಲ.
ಯಾಕೆಂದರೆ ಅಷ್ಟರಲ್ಲಿ ನೆರೇಯ್ದಾ ಅದೇ ತಂತಿಗೆ
ನಾಲ್ಕು ಒದ್ದೆ ಕಾಲುಚೀಲ ನೇತುಹಾಕಿದ್ದಳು.
ನಾನು ಬೈದೆ. ತೆಗೆದಳು. ತೆಗೆಯುತ್ತಲೇ ಬೈದಳು.

ಏಳೂವರೆಗೆ, ಕೊಲ್ಲಿಯ ಮೇಲೆ ಬೆಳಕು ಸೋರಿಹೋಗುವಾಗ,
ಕೈ ಮೇಲೆ ಹೋಯಿತು.
ಎಡಗೈ.
ಬಾಯಿ ಅಗಲ ತೆರೆದಿತ್ತು, ಏಳು ವರ್ಷದ ಬಾಯಿ,
ಮುಂದಿನ ಎರಡು ಇನ್ನೂ ಹುಟ್ಟಬೇಕು.

ಆಗಲೇ ಕರೆಂಟು ಹೋಗಬೇಕೆ!
ಬೀದಿಯುದ್ದಕ್ಕೂ ಫ್ಯಾನುಗಳು
ಒಂದರ ಹಿಂದೊಂದು ಉಸಿರು ಬಿಟ್ಟು ನಿಂತವು.
ಯಾರದೋ ಮನೆಯಲ್ಲಿ ಪಾತ್ರೆ ಬಿತ್ತು.
ತಂತಿ ಮಾತ್ರ ಕತ್ತಲಲ್ಲಿ ಅಲ್ಲಾಡುತ್ತಿತ್ತು,
ಕಾಲುಚೀಲದ ನೀರು ಇನ್ನೂ ತೊಟ್ಟಿಕ್ಕುತ್ತ.

ಆ ಕೈ ಇಳಿಯಿತೋ, ಇನ್ನೂ ಮೇಲೇ ಇದೆಯೋ
ಕಾಣಲಿಲ್ಲ.
ನೋಯ್ತೇನೋ? ಎಂದು ಕೂಗಿದೆ,
ಸುಮ್ಮನೆ.